ಮಾಡಿ ನೋಡಿದವರು

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗಳಿಗೆ ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ. ಹುಲ್ಲಿನ ಜಾತಿಯ ಗಿಡವೊಂದರಿಂದ ತೆಗೆಯುವ, ನಿಂಬೆಯಂಥ ವಾಸನೆಯ ಎಣ್ಣೆ ಅದು. ಒಣಗಿ ಮುರಿಯುವಂತಾದ ಗರಿ ಇದರಿಂದ ಸ್ವಲ್ಪ ಮೆತ್ತಗಾಗುತ್ತದೆ, ಹುಳುವೂ ಹತ್ತಿರ ಸುಳಿಯುವುದಿಲ್ಲ. ಸೊಳ್ಳೆ ಕಚ್ಚದಿರಲಿ ಎಂದು ಮನೆಯಲ್ಲಿ ಕೈಕಾಲಿಗೆ ಹಚ್ಚಿಕೊಳ್ಳುವುದೂ ಇದೇ ಎಣ್ಣೆ. ಹಳೆಯ ಗ್ರಂಥಗಳನ್ನು ಉಳಿಸುವ ಕೆಲಸವೂ ಕೊನೆಗೆ ಇಂಥದೊಂದು ಮನೆಮದ್ದಿನ ಮೇಲೆ ನಿಂತಿದೆ ಎನ್ನುವುದು ನನಗೆ ಇಷ್ಟವಾದ ಸಂಗತಿ.

ಈ ಸಂಸ್ಥೆ 1891ರಲ್ಲಿ ಓರಿಯೆಂಟಲ್ ಲೈಬ್ರರಿ ಎಂಬ ಹೆಸರಿನಿಂದ ಶುರುವಾಯಿತು. ಇದರ ಹೆಸರು ಬಂದಾಗಲೆಲ್ಲ ಹೇಳುವ ಕತೆ ಒಂದೇ: ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು, 1909ರಲ್ಲಿ ಅಚ್ಚು ಹಾಕಿಸಿದ್ದು. ದೊಡ್ಡ ಕತೆಯೇ, ಅನುಮಾನವಿಲ್ಲ. ಆದರೆ ರಾಜ್ಯ ಆಳುವುದನ್ನು ಹೇಳುವ ಪುಸ್ತಕಕ್ಕೆ ಸಿಕ್ಕ ಮರ್ಯಾದೆ ಅನ್ನ ಬೇಯಿಸುವುದನ್ನು, ಹಸುವಿನ ಕಾಯಿಲೆಯನ್ನು, ಬಾವಿ ತೋಡುವ ಜಾಗವನ್ನು ಹೇಳುವ ಪುಸ್ತಕಗಳಿಗೆ ಸಿಕ್ಕಲಿಲ್ಲ. ಕನ್ನಡದಲ್ಲಿ ಅಂಥವು ಸಾವಿರ ವರ್ಷದಿಂದ ಇವೆ. ಸಾಹಿತ್ಯ ಚರಿತ್ರೆಯಲ್ಲಿ ಅವಕ್ಕೆ ‘ಶಾಸ್ತ್ರಗ್ರಂಥ’ ಎಂಬ ಒಂದು ಮೂಲೆ ಕೊಟ್ಟು, ಪಂಪ ರನ್ನರ ಕಡೆಗೆ ತಿರುಗುವುದು ವಾಡಿಕೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗೆ ಅವು ಬರೀ ಹೆಸರುಗಳ ಪಟ್ಟಿ: ಕೀರ್ತಿವರ್ಮನ ಗೋವೈದ್ಯ, ರಾಜಾದಿತ್ಯನ ವ್ಯವಹಾರಗಣಿತ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ. ನಾನೂ ಹಾಗೇ ಬಾಯಿಪಾಠ ಮಾಡಿದವನು.

ಈ ಪಟ್ಟಿಗೆ ತಲೆಯಂತಿರುವುದು ಲೋಕೋಪಕಾರ. ಬರೆದವನು ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಅವನ ನಂತರದ ಇನ್ನೊಬ್ಬ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದವನು. ಪುಸ್ತಕ ಸುಮಾರು 1025ರದ್ದು. ಹೆಸರೇ ಹೇಳುವಂತೆ ಲೋಕಕ್ಕೆ ಉಪಕಾರವಾಗಲಿ ಎಂದು ಮಾಡಿದ್ದು. ಹನ್ನೆರಡು ಅಧ್ಯಾಯಗಳಲ್ಲಿ ಅವನು ಸೇರಿಸಿರುವುದನ್ನು ನೋಡಿದರೆ ಒಂದು ದೊಡ್ಡ ಮನೆಯ ಅಟ್ಟಕ್ಕೆ ಹತ್ತಿದಂತಾಗುತ್ತದೆ: ಮುಹೂರ್ತ, ಮನೆ ಕಟ್ಟುವ ಲೆಕ್ಕ, ನೆಲದಡಿ ನೀರು ಹುಡುಕುವ ಗುರುತು, ಗಿಡಮರಗಳ ಆರೈಕೆ, ಸುಗಂಧ ಕೂಡಿಸುವ ಬಗೆ, ಅಡುಗೆ, ಮನುಷ್ಯರಿಗೂ ದನಕರುಗಳಿಗೂ ಔಷಧಿ, ವಿಷಕ್ಕೆ ಪರಿಹಾರ, ಶಕುನ. ಬೇಕಾದದ್ದು ಬೇಡವಾದದ್ದು ಎಲ್ಲ ಒಟ್ಟಿಗೆ. ಇದರಲ್ಲಿ ಬಹಳಷ್ಟು ಅವನದೇ ಶೋಧವಲ್ಲ. ವರಾಹಮಿಹಿರನ ಬೃಹತ್ಸಂಹಿತೆಯೇ ಮೊದಲಾದ ಸಂಸ್ಕೃತ ಗ್ರಂಥಗಳಿಂದ ಆರಿಸಿ ಕನ್ನಡಕ್ಕೆ ತಂದದ್ದು. ಕಂಡದ್ದನ್ನು, ಓದಿದ್ದನ್ನು, ಬೇರೆಯವರಿಗೂ ಉಪಯೋಗವಾದೀತು ಎಂದು ಹಂಚುವ ಮನುಷ್ಯರ ಪೈಕಿ ಅವನೊಬ್ಬ. ಇಂದು ಅವನಿದ್ದಿದ್ದರೆ ಬೆಳಿಗ್ಗೆ ಆರಕ್ಕೇ ಬಂಧುಬಳಗಕ್ಕೆಲ್ಲ ಸಂದೇಶ ಕಳಿಸುತ್ತಿದ್ದ ಎಂದು ನನ್ನ ಗುಮಾನಿ.

ನೀರು ಹುಡುಕುವ ವಿಷಯವನ್ನೇ ತೆಗೆದುಕೊಳ್ಳಿ. ಇಂಥ ಮರದ ಪಕ್ಕದಲ್ಲಿ ಹುತ್ತವಿದ್ದರೆ ಇಂಥ ದಿಕ್ಕಿನಲ್ಲಿ, ಇಷ್ಟು ಮೊಳ ದೂರದಲ್ಲಿ, ಇಷ್ಟು ಆಳಿನ ಆಳಕ್ಕೆ ನೀರಿದೆ ಎಂಬ ಬಗೆಯ ಸೂಚನೆಗಳು ಬೃಹತ್ಸಂಹಿತೆಯಲ್ಲಿ ಸಾಲುಸಾಲಾಗಿ ಬರುತ್ತವೆ. ಲೋಕೋಪಕಾರದ ನೀರಿನ ಅಧ್ಯಾಯವೂ ಅದೇ ದಾರಿಯದು. ಗೆದ್ದಲಿಗೆ ತೇವ ಬೇಕು, ಆದ್ದರಿಂದ ಹುತ್ತವಿದ್ದ ಕಡೆ ಕೆಳಗೆ ತೇವವಿದ್ದೀತು ಎಂಬ ತರ್ಕಕ್ಕೆ ಅರ್ಥವಿದೆ. ತಿರುಪತಿಯ ಶ್ರೀವೆಂಕಟೇಶ್ವರ ವಿಶ್ವವಿದ್ಯಾನಿಲಯದ ಇ.ಎ.ವಿ. ಪ್ರಸಾದ್ ವರಾಹಮಿಹಿರನ ಈ ಅಧ್ಯಾಯವನ್ನೇ ಭೂವಿಜ್ಞಾನದ ಕಣ್ಣಿನಿಂದ ನೋಡಿ 1980ರಲ್ಲಿ ಪುಸ್ತಕ ಬರೆದರು. ಅದೇ ಲೋಕೋಪಕಾರದ ಪಕ್ಕದ ಅಧ್ಯಾಯಗಳಲ್ಲಿ ಕಾಗೆಯ ಕೂಗಿಗೆ, ಹಲ್ಲಿಯ ಲೊಚಗುಟ್ಟುವಿಕೆಗೆ ಫಲ ಹೇಳುವ ಜಾತಿಯ ಮಾತೂ ಇರುತ್ತದೆ. ಚಾವುಂಡರಾಯನ ದನಿ ಎರಡೂ ಕಡೆ ಒಂದೇ. ಹುತ್ತವನ್ನು ನೋಡಿ ಹೇಳಿದ್ದಕ್ಕೂ ಶಕುನ ಕೇಳಿ ಹೇಳಿದ್ದಕ್ಕೂ ಅವನು ಬೇರೆ ಬೇರೆ ತೂಕ ಇಡುವುದಿಲ್ಲ. ಮೈಸೂರಿನ ಸುತ್ತ ಇವತ್ತಿಗೂ ಬೋರ್‌ವೆಲ್ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರನ್ನು ಕರೆಸುತ್ತಾರೆ. ಕಾಯಿ ನೆಟ್ಟಗೆ ನಿಂತಲ್ಲಿ ಪಾಯಿಂಟು. ನೀರು ಬಿದ್ದರೆ ಅವರ ಹೆಸರು ಹತ್ತೂರಿಗೆ ಹಬ್ಬುತ್ತದೆ. ಬೀಳದಿದ್ದರೆ ನಮ್ಮ ಹಣೆಬರಹ.

ನನ್ನ ಪ್ರಶ್ನೆ ಇದೇ. ‘ಹೀಗೆ ಮಾಡಿ’ ಎಂದು ಹೇಳುವವನು ತಾನು ಹಾಗೆ ಮಾಡಿ ನೋಡಿದ್ದಾನೆಯೇ? ಇಲ್ಲವಾದರೆ, ಮಾಡಿ ನೋಡಿದವರು ಯಾರು?

ಅಡುಗೆಯ ಅಧ್ಯಾಯದಲ್ಲಿ ಇಡ್ಲಿ ಬರುತ್ತದೆ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬಂದಿದೆಯಾದರೂ ಮಾಡುವ ಕ್ರಮವಿಲ್ಲ. ಚಾವುಂಡರಾಯ ಕ್ರಮ ಹೇಳುತ್ತಾನೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯಲ್ಲಿ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಬೇಕು. ಇದನ್ನು ಎಲ್ಲ ಆಹಾರಪ್ರಿಯರಿಗೂ ತಲುಪಿಸಿದವರು ಕೆ.ಟಿ. ಆಚಯ. ಕೊಳ್ಳೇಗಾಲದಲ್ಲಿ ಹುಟ್ಟಿದ ಈ ಆಹಾರವಿಜ್ಞಾನಿ ತಮ್ಮ ವೃತ್ತಿಜೀವನದ ಕೊನೆಯ ವರ್ಷಗಳನ್ನು ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಕಳೆದರು. ಭಾರತದ ಆಹಾರದ ಚರಿತ್ರೆಯ ಬಗ್ಗೆ 1994ರಲ್ಲಿ ಬಂದ ಅವರ ಪುಸ್ತಕವನ್ನು ಈಗಲೂ ಎಲ್ಲರೂ ಉಲ್ಲೇಖಿಸುತ್ತಾರೆ. ಅವರು ಗಮನಿಸಿದ್ದು ಇಷ್ಟು: ಹಳೆಯ ಈ ಇಡ್ಲಿಗಳಲ್ಲಿ ಅಕ್ಕಿಯ ಮಾತಿಲ್ಲ, ರಾತ್ರಿಯಿಡೀ ಹುದುಗಲು ಬಿಡುವ ಮಾತೂ ಇಲ್ಲ. ಅಂದರೆ ನಾವು ತಿನ್ನುವ ಇಡ್ಲಿ ಅದಲ್ಲ, ಅದರ ಮುತ್ತಜ್ಜಿ.

ಒಂದು ಭಾನುವಾರ ನಾನು ಅದನ್ನು ಮಾಡಿ ನೋಡಿದೆ. ಎಷ್ಟು ಬೇಳೆಗೆ ಎಷ್ಟು ಮಜ್ಜಿಗೆ ಎಂದು ತಿಳಿಯದೆ ಅಂದಾಜಿನಲ್ಲಿ ಹಾಕಿದೆ. ನೆನೆಸಿದ ಬೇಳೆ ಹುಳಿವಾಸನೆ ಹೊತ್ತು ಚೆನ್ನಾಗಿಯೇ ರುಬ್ಬಿತು. ಇಂಗು ಜೀರಿಗೆಯ ಘಮಕ್ಕೆ ಕಾಂಚೀಪುರಂ ಇಡ್ಲಿ ನೆನಪಾಯಿತು. ಆದರೆ ಬೆಂದ ಮೇಲೆ ಅದು ಅಂಟಂಟು, ಗಟ್ಟಿ. ಮನೆಯಲ್ಲಿ ಎರಡನೆಯದನ್ನು ಯಾರೂ ತೆಗೆದುಕೊಳ್ಳಲಿಲ್ಲ. ತಪ್ಪು ನನ್ನ ಅಳತೆಯದೋ, ಚಾವುಂಡರಾಯನದೋ, ಬೇಯಿಸಿದ ಪಾತ್ರೆಯದೋ ಹೇಗೆ ಹೇಳುವುದು? ಪದ್ಯಕ್ಕೆ ಛಂದಸ್ಸಿನ ಅಳತೆ ಇರುತ್ತದೆ, ಪಾವು ಚಟಾಕಿನ ಅಳತೆ ಇರುವುದಿಲ್ಲ. ಅಡುಗೆ ಗೊತ್ತಿದ್ದವರಿಗೆ ಅದು ಜ್ಞಾಪಕದ ಗಂಟು. ಗೊತ್ತಿಲ್ಲದವರಿಗೆ ಅರ್ಧ ದಾರಿಯಲ್ಲಿ ಕೈಬಿಡುವ ಗುರು. ಚಾವುಂಡರಾಯ ಒಲೆಯ ಮುಂದೆ ಕೂತಿದ್ದನೇ ಎಂಬ ಅನುಮಾನ ನನಗೆ ಅವತ್ತು ಗಟ್ಟಿಯಾಯಿತು. ಮಜ್ಜಿಗೆಯಲ್ಲಿ ನೆನೆಸಿದರೆ ಉದ್ದು ಹೀಗಾಗುತ್ತದೆ ಎಂದು ಕಂಡುಕೊಂಡ ಕೈ ಬೇರೆಯದು, ಅದಕ್ಕೆ ಹೆಸರಿಲ್ಲ.

ಐನೂರು ವರ್ಷ ಕಳೆದು ನಮ್ಮ ಸೀಮೆಯಲ್ಲೇ ಇನ್ನೊಂದು ಅಡುಗೆಯ ಪುಸ್ತಕ ಹುಟ್ಟಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಎಂದರೆ ಈಗ ನಮಗೆ ನೆನಪಾಗುವುದು ದೇವರಾಜ ಅರಸರು. ಹದಿನಾರನೆಯ ಶತಮಾನದ ಆರಂಭದಲ್ಲಿ ಅದು ಮೂರನೆಯ ಮಂಗರಸನ ಊರು. ಚಂಗಾಳ್ವರ ಆಶ್ರಯದ ಜೈನ ಪಾಳೆಯಗಾರರ ಮನೆತನ ಅವನದು. ಸಮ್ಯಕ್ತ್ವಕೌಮುದಿ, ಜಯನೃಪಕಾವ್ಯ, ನೇಮಿಜಿನೇಶಸಂಗತಿ ಬರೆದ ಕವಿಯೇ ಸೂಪಶಾಸ್ತ್ರವನ್ನೂ ಬರೆದ, ಅದೂ ವಾರ್ಧಕ ಷಟ್ಪದಿಯಲ್ಲಿ. ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆಗಳು, ಆಮೇಲೆ ತರಕಾರಿ. ಬದನೆಕಾಯಿಗೆ ಅವನು ಕೊಡುವ ಜಾಗ ನೋಡಿದರೆ ಈರನಗೆರೆ ಬದನೆಯ ಊರಿನವರಾದ ನಮಗೆ ಹೆಮ್ಮೆಯಾಗಬೇಕು. ಹುರಿದು, ಸುಟ್ಟು, ತುಂಬಿ, ಬೇಯಿಸಿ ಬಗೆಬಗೆಯಾಗಿ ಬರುತ್ತದೆ. ಅಡುಗೆಮನೆಗೆ ಬಹಳ ಹತ್ತಿರ ನಿಂತವನ ಬರವಣಿಗೆ ಅದು. ಒಬ್ಬ ಪಾಳೆಯಗಾರ ಬದನೆಕಾಯಿ ಹೆಚ್ಚಿದನೆಂದು ನಾನು ನಂಬಲಾರೆ. ಆದರೆ ಹೆಚ್ಚುವವರ ಪಕ್ಕ ನಿಂತು ಕೇಳಿದ್ದಾನೆ, ಬಹುಶಃ ರುಚಿ ನೋಡಿ ‘ಇನ್ನೊಂದು ಸಲ ಮಾಡಿ’ ಎಂದಿದ್ದಾನೆ. ಆ ಬಾಣಸಿಗರು ಯಾರೆಂದು ಅವನೂ ಹೇಳುವುದಿಲ್ಲ.

ಅಡುಗೆ ಕೆಟ್ಟರೆ ಒಂದು ಹೊತ್ತಿನ ಊಟ ಹೋಗುತ್ತದೆ, ಅಷ್ಟೆ. ಮೈಗೆ ಸಂಬಂಧಪಟ್ಟ ಸಲಹೆ ಹಾಗಲ್ಲ. ಮೈಸೂರಿನ ಅರಮನೆಯಲ್ಲಿ ಇನ್ನೂರು ವರ್ಷದ ಹಿಂದೆ ನಡೆದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಸಿಡುಬಿಗೆ ಜೆನ್ನರನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಆ ವರ್ಷದ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದು ಮೊದಲು ಹತ್ತಿತು. ಆಗ ಶೀತಪೆಟ್ಟಿಗೆ ಇಲ್ಲ, ಸೀಸೆಯಲ್ಲಿ ಇಟ್ಟರೆ ಬಿಸಿಲಿಗೆ ಕೆಡುತ್ತದೆ. ಹಾಗಾಗಿ ಒಂದು ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದು ಮಗುವಿನ ತೋಳಿಗೆ, ಅಲ್ಲಿಂದ ಮತ್ತೊಂದಕ್ಕೆ, ಹೀಗೆ ತೋಳಿನಿಂದ ತೋಳಿಗೆ ಲಸಿಕೆ ದೇಶ ಸುತ್ತಿತು. ಜನಕ್ಕೆ ಹೆದರಿಕೆ. ಪರದೇಶದವರು ತಂದದ್ದು, ಹಸುವಿನ ರೋಗದ ಕೀವು, ಯಾರ ಯಾರ ಮೈಯಿಂದಲೋ ಬಂದದ್ದು. ಸಿಡುಬಿನ ಕೀವನ್ನೇ ಸ್ವಲ್ಪ ತಗುಲಿಸಿ ರೋಗ ತಡೆಯುವ ಹಳೆಯ ಪದ್ಧತಿಯೂ ಆಗ ರೂಢಿಯಲ್ಲಿತ್ತು. ಅದನ್ನು ಬಿಟ್ಟು ಇದನ್ನೇಕೆ ಹಾಕಿಸಿಕೊಳ್ಳಬೇಕು?

ಆ ದಿನಗಳಲ್ಲಿ, ಸುಮಾರು 1805ರಲ್ಲಿ, ಐರಿಷ್ ಚಿತ್ರಕಾರ ಥಾಮಸ್ ಹಿಕಿ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಬಹಳ ಕಾಲ ಇದನ್ನು ಯಾರೋ ನರ್ತಕಿಯರ ಚಿತ್ರವೆಂದೇ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರನ್ನು ಬೇರೆಯಾಗಿ ಗುರುತಿಸಿದರು: ನಡುವೆ ಇರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ಅಜ್ಜಿ ಲಕ್ಷ್ಮಮ್ಮಣ್ಣಿ, ಎರಡು ಬದಿಗೆ ಎಳೆಯ ಅರಸನ ರಾಣಿಯರು. ಬಲಗಡೆಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸೊಬಗಿಗಲ್ಲ, ಲಸಿಕೆ ಹಾಕಿದ ಜಾಗವನ್ನು ತೋರಿಸಲಿಕ್ಕೆ. ಎಡಗಡೆಯವಳ ಮೂಗು ಬಾಯಿಯ ಸುತ್ತ ಬಣ್ಣ ಮಾಸಿರುವುದು ಹಳೆಯ ಪದ್ಧತಿಯ ಗುರುತು. ಇದು ಚಾನ್ಸಲರ್ ಓದಿದ ರೀತಿ. ನನಗೆ ಒಪ್ಪಿಗೆಯಾಗುತ್ತದೆ, ಏಕೆಂದರೆ ಪರದೆಯ ಹಿಂದೆ ಬಾಳಿದ ಅರಮನೆಯ ಹೆಂಗಸರು ಪರದೇಶದ ಚಿತ್ರಕಾರನ ಮುಂದೆ ಹೀಗೆ ನಿಲ್ಲಬೇಕಾದರೆ ಸಣ್ಣ ಕಾರಣ ಸಾಲದು.

ಲೋಕೋಪಕಾರದ ಪಕ್ಕ ಈ ಚಿತ್ರವನ್ನಿಟ್ಟು ನೋಡಿ. ಚಾವುಂಡರಾಯ ‘ಹಿಂದಿನವರು ಹೇಳಿದ್ದಾರೆ, ಆದ್ದರಿಂದ ನಂಬಿ’ ಎನ್ನುತ್ತಾನೆ. ಚಿತ್ರದ ರಾಣಿ ಮಾತಾಡುವುದೇ ಇಲ್ಲ, ತನ್ನ ತೋಳು ತೋರಿಸುತ್ತಾಳೆ. ಸಲಹೆ ಕೊಡುವವರು ಅಪಾಯವನ್ನು ತಾವೇ ಮೊದಲು ಹೊತ್ತರೆ ಅದರ ತೂಕ ಬೇರೆ. ಆದರೆ ರಾಣಿಯ ತೋಳಿಗೆ ಆ ಲಸಿಕೆ ಬಂದದ್ದು ಎಷ್ಟೋ ಮಕ್ಕಳ ತೋಳುಗಳನ್ನು ದಾಟಿ. ಆನಾ ಡಸ್ಟ್‌ಹಾಲ್ ಒಬ್ಬಳ ಹೆಸರು ಉಳಿಯಿತು. ಮುಂಬಯಿಗೂ ಮೈಸೂರಿಗೂ ನಡುವೆ ಅದನ್ನು ಹೊತ್ತು ತಂದ ಮಕ್ಕಳ ಹೆಸರು ಯಾರ ಬಾಯಲ್ಲೂ ಇಲ್ಲ.

ಇಪ್ಪತ್ತನೆಯ ಶತಮಾನದ ಮೈಸೂರು ಉಪಯುಕ್ತ ವಿಷಯ ಹಂಚುವುದನ್ನು ಒಂದು ವ್ರತದಂತೆ ಮಾಡಿತು. ವಿಶ್ವವಿದ್ಯಾನಿಲಯ 1930ರ ದಶಕದಲ್ಲಿ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿತು, ಆ ಮಾತುಗಳನ್ನು ಅಗ್ಗದ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿತು. ಹಳೆಯ ಪುಸ್ತಕದಂಗಡಿಗಳಲ್ಲಿ ಅವು ಈಗಲೂ ಕೈಗೆ ಸಿಗುತ್ತವೆ. ಹೊಲಿಗೆ ಬಿಟ್ಟುಹೋದ, ಅಂಗೈಯಗಲದ ಪುಸ್ತಕಗಳು. ಬಿಡಿಸಿ ಹೇಳುವ ಗದ್ಯ, ಮೇಷ್ಟರ ತಾಳ್ಮೆ. ಹೀಗೆ ಬೆಳೆದ ವಿಭಾಗವೇ ಮುಂದೆ ಮಾನಸಗಂಗೋತ್ರಿಯ ಪ್ರಸಾರಾಂಗವಾಯಿತು. ಅತ್ತ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರೇಷಕ ಯಂತ್ರ ಇಟ್ಟುಕೊಂಡು 1935ರ ಸೆಪ್ಟೆಂಬರ್ 10ರಂದು ಬಾನುಲಿ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಎದ್ದು ಇಡೀ ದೇಶದ್ದಾಯಿತು. ಇವನ್ನೆಲ್ಲ ನಾನು ಬೇಗ ದಾಟುತ್ತಿದ್ದೇನೆ, ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಬೇಕಾದದ್ದು ಅವು ತಂದ ಒಂದು ಬದಲಾವಣೆ: ಈಗ ಹೇಳಿದವರಿಗೆ ಹೆಸರಿತ್ತು, ಹುದ್ದೆಯಿತ್ತು, ಕೇಳಿದವರು ಎದ್ದು ನಿಂತು ‘ಮೇಷ್ಟ್ರೇ, ಅದು ಹೇಗೆ?’ ಎಂದು ಕೇಳಬಹುದಿತ್ತು. ಆದರೂ ಜ್ಞಾನ ಮೇಲಿನಿಂದ ಕೆಳಕ್ಕೇ ಇಳಿಯುತ್ತಿತ್ತು. ಪಟ್ಟಣದ ಮೇಷ್ಟರು ಹಳ್ಳಿಗೆ ಹೇಳುವುದು. ಹಳ್ಳಿಯಲ್ಲಿ ಆಗಲೇ ಮಾಡಿ ನೋಡಿದ್ದನ್ನು ಪಟ್ಟಣ ಕೇಳುವುದು ಕಡಿಮೆ.

ಹಾಗೆ ಕೇಳಿದ ಒಂದು ಪ್ರಸಂಗವೂ ಮೈಸೂರಿನದೇ. ಅರಮನೆಯ ರಾಜಕುಮಾರಿಗಾಗಿ ಕಟ್ಟಿಸಿದ್ದ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರ ಅಕ್ಟೋಬರ್ 21ರಂದು ಸಿ.ಎಫ್.ಟಿ.ಆರ್.ಐ., ಎಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಆರಂಭವಾಯಿತು. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಸ್ವಾತಂತ್ರ್ಯ ಬಂದ ಹೊಸದು, ರೇಷನ್ನಿನ ಕಾಲ. ಬೆಳೆದ ಕಾಳಿನಲ್ಲಿ ಹುಳುವಿನ ಪಾಲೇ ದೊಡ್ಡದು. ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಬಡವರಿಗೆ ಪುಷ್ಟಿ ಕೊಡುವ ಬಹೂಪಯೋಗಿ ಆಹಾರವನ್ನು ರೂಪಿಸಿದ್ದು ಇಲ್ಲೇ, ಎಮ್ಮೆಯ ಹಾಲಿನಿಂದ ಹಸುಗೂಸಿಗೆ ಒಗ್ಗುವ ಪುಡಿ ಮಾಡುವ ವಿಧಾನ ಕಂಡದ್ದೂ ಇಲ್ಲೇ. ಇಡ್ಲಿ ಹಿಟ್ಟು ಏಕೆ ಉಬ್ಬುತ್ತದೆ ಎಂದೂ ಇವರು ಕೂತು ಪರೀಕ್ಷಿಸಿದರು. ಉದ್ದಿನ ಲೋಳೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು, ಅದರೊಳಗಿನ ಬ್ಯಾಕ್ಟೀರಿಯಾ ಹುಳಿಯನ್ನೂ ಅನಿಲವನ್ನೂ ಬಿಡುವುದು, ಇವೆಲ್ಲ ಲೆಕ್ಕಕ್ಕೆ ಸಿಕ್ಕಿದ್ದು ಆ ಕಾಲದ ಇಂಥ ಕೆಲಸಗಳಿಂದ. ನನ್ನ ಭಾನುವಾರದ ಇಡ್ಲಿ ಏಕೆ ಕಲ್ಲಾಯಿತು ಎಂಬುದಕ್ಕೂ ಅಲ್ಲೇ ಉತ್ತರ: ಹುದುಗಲು ಹೊತ್ತು ಕೊಟ್ಟಿರಲಿಲ್ಲ.

ನಾನು ಹೇಳಹೊರಟ ಪ್ರಸಂಗ ಮಾತ್ರ ಕಾಳಿನದು. ನಮ್ಮ ಕಡೆ ಅವರೆ, ಹೆಸರು, ಹುರುಳಿಗೆ ಒಲೆಯ ಬೂದಿ ಬೆರೆಸಿ ಇಡುತ್ತಿದ್ದರು. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಿದ್ದರು. ಹುಳು ಬೀಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಏಕೆ ಎಂದು ಗೊತ್ತಿಲ್ಲ. ಸಿ.ಎಫ್.ಟಿ.ಆರ್.ಐ.ನ ಎಸ್.ಕೆ. ಮಜುಂದಾರ್ ಮತ್ತು ಸಂಗಡಿಗರು ಇದ್ದಿಲು, ಜೇಡಿಮಣ್ಣಿನ ನುಣ್ಣನೆಯ ಪುಡಿಗಳನ್ನು ಹದಮಾಡಿ ಕಾಳಿನ ಹುಳುಗಳ ಮೇಲೆ ಪ್ರಯೋಗಿಸಿ, 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕೀಟದ ಮೈಮೇಲೆ ತೆಳುವಾದ ಮೇಣದ ಪದರವಿರುತ್ತದೆ, ಒಳಗಿನ ತೇವವನ್ನು ಕಾಯುವುದು ಅದೇ. ನುಣುಪು ಪುಡಿ ಆ ಮೇಣವನ್ನು ಹೀರಿದರೆ ಹುಳು ಒಣಗಿ ಸಾಯುತ್ತದೆ. ವಿಷ ಬೇಡ. ಪುಡಿಯನ್ನು ತೊಳೆದುಕೊಂಡರೆ ಕಾಳು ಅಡುಗೆಗೆ ಸಿದ್ಧ. ಮಣ್ಣು, ಬೂದಿಯ ಹಳೆಯ ರೂಢಿಗೆ ಹೀಗೆ ಒಂದು ಕಾರಣ ಸಿಕ್ಕಿತು. ಎಲ್ಲ ಬೂದಿಯೂ ಒಂದೇ ಅಲ್ಲ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪುಡಿಯ ಶಕ್ತಿ ಕುಗ್ಗುತ್ತದೆ ಎಂಬ ಎಚ್ಚರಿಕೆಗೂ ಈ ಕಾರಣದಲ್ಲೇ ಅರ್ಥವಿದೆ. ಪದ್ಯದಲ್ಲಿ ಇಲ್ಲದ್ದು ಇದು, ಎಲ್ಲಿ ಕೆಲಸ ಮಾಡುವುದಿಲ್ಲ ಎಂಬ ಮಾತು. ಮಂಗರಾಜನ ವಿಷವೈದ್ಯವನ್ನೋ ಚಾವುಂಡರಾಯನ ಔಷಧಿಯನ್ನೋ ‘ಸಾವಿರ ವರ್ಷದ ಹಿಂದೆಯೇ ಬರೆದಿದ್ದರು’ ಎಂಬ ಒಂದೇ ಬಲದ ಮೇಲೆ ಈಗ ಯಾರಾದರೂ ಹಂಚಿದರೆ ನಾನು ಹೆದರುವುದು ಇದಕ್ಕೇ. ಆ ಪುಸ್ತಕಗಳನ್ನು ಓದಬೇಕು, ಕನ್ನಡದ ವಿದ್ಯಾರ್ಥಿಗಳು ಇನ್ನೂ ಹೆಚ್ಚು ಓದಬೇಕು. ಕುಡಿಯುವ ಮುಂಚೆ ಮಾತ್ರ ಡಾಕ್ಟರನ್ನು ಕೇಳಬೇಕು.

ನಮ್ಮ ಅಜ್ಜಿ ಕಾಳಿಗೆ ಬೂದಿ ಹಾಕುವುದನ್ನು ನಾನು ಕೂತು ನೋಡಿದ್ದೇನೆ. ಮೊರದಲ್ಲಿ ಹೆಸರುಕಾಳು, ಪಕ್ಕದಲ್ಲಿ ಜರಡಿ ಹಿಡಿದ ಬೂದಿ. ಆಗ ಕಾಲೇಜಿಗೆ ಸೇರಿದ್ದ ಗತ್ತಿನಲ್ಲಿ ಕೇಳಿದೆ: ‘ಅಜ್ಜಿ, ಒಂದು ಸೇರಿಗೆ ಎಷ್ಟು ಬೂದಿ ಹಾಕ್ತೀರಿ?’

‘ಅದಕ್ಕೇನೋ ಅಳತೆ? ಕಾಳಿನ ಬಣ್ಣ ಕಾಣದೆ ಹೋಗೋವಷ್ಟು’ ಎಂದರು. ಆಮೇಲೆ ಕೈ ನಿಲ್ಲಿಸಿ, ‘ಹುಣಸೆ ಸೌದೆ ಬೂದಿ ಆದ್ರೆ ಕಮ್ಮಿ ಸಾಕು. ಮಳೆಗಾಲದಲ್ಲಿ ಇನ್ನೊಂದು ಸಲ ಬಿಸಿಲಿಗೆ ಹಾಕ್ಬೇಕು. ಒಂದ್ ವರ್ಷ ಹಾಕ್ದೆ ಪೂರ್ತಿ ಹೋಯ್ತು’ ಎಂದರು.